ಜಿಎಂ, 2ಎಆರ್, 3ಬಿಕೆ: ಮೀಸಲಾತಿ ಕೈಗೆ ಬರುವ ಬಗೆ

ಸಿಇಟಿ ಅರ್ಜಿ ತುಂಬುವ ದಿನಗಳಲ್ಲಿ ತುಮಕೂರು ಜಿಲ್ಲೆಯ ತೋವಿನಕೆರೆಯ ಜೆರಾಕ್ಸ್ ಅಂಗಡಿ ಮುಂದೆ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಬೆಂಚಿನ ಮೇಲೆ ಟೀ ಲೋಟ ಹಿಡಿದು ಕೂತವರದು, ಮೀಸಲಾತಿ ಇರಬೇಕೋ ಬೇಡವೋ ಎಂಬ ವಾದ. ಕಂಪ್ಯೂಟರಿನ ಪಕ್ಕ ನಿಂತ ಹುಡುಗನ ತಲೆಬಿಸಿಯೇ ಬೇರೆ: "ಆರ್‌ಡಿ ನಂಬರ್ ತಗಂತಾನೇ ಇಲ್ಲ ಕಣಣ್ಣ." ಮೊದಲನೆಯದು ನಮ್ಮ ನಾಡಿನಲ್ಲಿ ನೂರು ವರ್ಷ ದಾಟಿದರೂ ಮುಗಿದಿಲ್ಲ. ಎರಡನೆಯದು ಕರೆಂಟು ಹೋಗುವುದರೊಳಗೆ ಮುಗಿಯಬೇಕು. ನಾನು ಎರಡೂ ಕಡೆ ನಿಂತು ನೋಡಿದ್ದೇನೆ. ಬೆಂಚಿನವರು ಬೈದಾಡುವ ಮೀಸಲಾತಿಯೇ ಒಂದು, ಆ ಹುಡುಗನ ಕೈಗೆ ಬರುವ ಅಥವಾ ಬಾರದೆ ತಪ್ಪಿಹೋಗುವ ಮೀಸಲಾತಿಯೇ ಇನ್ನೊಂದು. ಹಾಗಾಗಿ ಕಂಪ್ಯೂಟರಿನ ಕಡೆಯಿಂದಲೇ ಶುರು ಮಾಡುತ್ತೇನೆ.

ಸಿಇಟಿ ಸೀಟು ಹಂಚಿಕೆಯ ಪಟ್ಟಿ ತೆರೆದರೆ ಒಂದೊಂದು ಕಾಲೇಜಿನ ಎದುರಿಗೂ ಪುಟ್ಟ ಪುಟ್ಟ ಸಂಕೇತಗಳ ಸಾಲು: ಜಿಎಂ, ಜಿಎಂಕೆ, ಜಿಎಂಆರ್, 1ಜಿ, 1ಕೆ, 1ಆರ್, 2ಎಜಿ, 2ಎಕೆ, 2ಎಆರ್, ಹೀಗೆ 3ಬಿ, ಎಸ್‌ಸಿ, ಎಸ್‌ಟಿ ತನಕ. ಇದನ್ನು ಓದಲು ಬಂದರೆ ಮೀಸಲಾತಿಯ ಅರ್ಧ ಪಾಠ ಮುಗಿದಂತೆ. ಹೊಲವನ್ನು ಮೊದಲು ಉದ್ದಕ್ಕೆ ಉತ್ತು ಆಮೇಲೆ ಅಡ್ಡಕ್ಕೆ ಉಳುತ್ತೇವಲ್ಲ, ಇದೂ ಹಾಗೆಯೇ. ಸಂಕೇತದ ಮೊದಲ ಭಾಗ ಉದ್ದ ಸಾಲು, ಅಂದರೆ ಜಾತಿ ಅಥವಾ ವರ್ಗ. ಕೊನೆಯ ಅಕ್ಷರ ಅಡ್ಡ ಸಾಲು: ‘ಆರ್’ ಎಂದರೆ ಗ್ರಾಮೀಣ, ‘ಕೆ’ ಎಂದರೆ ಕನ್ನಡ ಮಾಧ್ಯಮ, ‘ಜಿ’ ಎಂದರೆ ಆ ವರ್ಗದೊಳಗೆ ಬೇರೇನೂ ಷರತ್ತಿಲ್ಲದ ಸೀಟು.

ಉದ್ದ ಸಾಲುಗಳ ಲೆಕ್ಕ ಹೀಗಿದೆ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ಶೇ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5, ಒಟ್ಟು ಶೇ 32. ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3 ಇದ್ದದ್ದನ್ನು 2022ರ ಕಾಯ್ದೆ 17 ಮತ್ತು 7ಕ್ಕೆ ಏರಿಸಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗದ ಶಿಫಾರಸು ಅದಕ್ಕೆ ಆಧಾರ. ಅಲ್ಲಿಗೆ ಒಟ್ಟು ಶೇ 56, ಉಳಿದ 44 ಸಾಮಾನ್ಯ ಅರ್ಹತೆ. ಶೇ 50ರ ಗೆರೆ ದಾಟಿದ ಈ ಏರಿಕೆ ನ್ಯಾಯಾಲಯದ ಮೆಟ್ಟಿಲೂ ಏರಿದೆ. ಅದಕ್ಕೇ ಯಾವುದೇ ನೇಮಕಾತಿಯ ಅಧಿಸೂಚನೆಯಲ್ಲಿ ಅಂದಿನ ಲೆಕ್ಕ ಏನು ಕೊಟ್ಟಿದ್ದಾರೆ ಎಂದು ನೋಡಿಕೊಳ್ಳುವುದು ಕ್ಷೇಮ.

ನಮ್ಮ ಸುತ್ತಿನ ಜನರನ್ನೇ ಇಟ್ಟು ನೋಡಿದರೆ ಗೊಲ್ಲರು, ಉಪ್ಪಾರರು ಪ್ರವರ್ಗ 1. ಕುರುಬರು, ತಿಗಳರು, ಮಡಿವಾಳರು, ವಿಶ್ವಕರ್ಮರು 2ಎ. ಮುಸ್ಲಿಮರು 2ಬಿ. ಒಕ್ಕಲಿಗರು 3ಎ, ಲಿಂಗಾಯತರು 3ಬಿ. ಪಾವಗಡ, ಮಧುಗಿರಿ ಕಡೆ ಹೆಚ್ಚಾಗಿರುವ ನಾಯಕರು ಪರಿಶಿಷ್ಟ ಪಂಗಡ. ಬಲಿಜರ ಕಥೆ ಸ್ವಲ್ಪ ವಿಚಿತ್ರ, ಓದುವಾಗ 2ಎ, ಕೆಲಸಕ್ಕೆ ಅರ್ಜಿ ಹಾಕುವಾಗ 3ಎ. ಒಂದೇ ಮನೆಯ ಒಂದೇ ಹುಡುಗ ನಾಲ್ಕು ವರ್ಷದ ಅಂತರದಲ್ಲಿ ಬೇರೆ ಸಾಲಿಗೆ ಹೋಗಿ ನಿಲ್ಲಬೇಕು!

ಜಿಎಂ ಯಾರ ಜಾತಿಯೂ ಅಲ್ಲ

ಬೆಂಚಿನ ಮೇಲಿನ ಜಗಳದಲ್ಲಿ ಅರ್ಧ ಹುಟ್ಟುವುದೇ ಈ ಎರಡಕ್ಷರದಿಂದ. ಜಿಎಂ ಎಂದರೆ ‘ಮೀಸಲಾತಿ ಇಲ್ಲದ ಜಾತಿಯವರ ಪಾಲು’ ಎಂದು ಬಹಳ ಮಂದಿ ನಂಬಿದ್ದಾರೆ. ಅದು ಯಾರ ಪಾಲೂ ಅಲ್ಲ. ಅಂಕ ಇದ್ದವರೆಲ್ಲ ಬರಬಹುದಾದ ಬಯಲು.

ತೋವಿನಕೆರೆ ಪಕ್ಕದ ಹಳ್ಳಿಯೊಂದರ ಕುರುಬರ ಹುಡುಗಿ ಎಂದುಕೊಳ್ಳಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ, ಕನ್ನಡದಲ್ಲೇ ಓದಿದವಳು. ಅವಳ ಮುಂದೆ ಆರು ಬಾಗಿಲುಗಳಿವೆ: ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್. ಅವಳು ಕೇಳಿದ ಕಾಲೇಜಿನಲ್ಲಿ ಅವಳ ರ‍್ಯಾಂಕಿಗೆ ಜಿಎಂ ಸೀಟೇ ಇದ್ದರೆ ಅದನ್ನೇ ಕೊಡುತ್ತಾರೆ. 2ಎ ಸೀಟು ಹಾಗೇ ಉಳಿದು ಅವಳ ಹಿಂದಿನ ಇನ್ನೊಬ್ಬ 2ಎ ಅಭ್ಯರ್ಥಿಗೆ ಹೋಗುತ್ತದೆ. ‘ನಮ್ಮ ಜಿಎಂ ಸೀಟನ್ನೂ ಅವರೇ ತಗೊಂಡರು’ ಎಂದು ಗೊಣಗುವವರು ಗಮನಿಸಬೇಕಾದದ್ದು, ಅವಳು ಅಲ್ಲಿ ಯಾವ ರಿಯಾಯಿತಿಯನ್ನೂ ಪಡೆದಿಲ್ಲ. ಜಿಎಂ ಸಾಲಿನಲ್ಲಿ ಎಲ್ಲರ ಜೊತೆ ನಿಂತು ಅಂಕದಿಂದಲೇ ಗೆದ್ದಿದ್ದಾಳೆ.

ಅಡ್ಡ ಸಾಲಿನ ನಿಯಮ ಹೀಗಲ್ಲ, ಇಲ್ಲಿ ಓದಿದವರೂ ಎಡವುತ್ತಾರೆ. ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ಮಹಿಳೆಯರಿಗೆ ಶೇ 33, ಗ್ರಾಮೀಣ ಅಭ್ಯರ್ಥಿಗಳಿಗೆ 25, ಕನ್ನಡ ಮಾಧ್ಯಮದವರಿಗೆ 5, ತೃತೀಯ ಲಿಂಗಿಗಳಿಗೆ 1. ಮಾಜಿ ಸೈನಿಕರು, ಅಂಗವಿಕಲರು, ಯೋಜನೆಗಳಿಂದ ನಿರಾಶ್ರಿತರಾದವರಿಗೂ ಇಂತಿಷ್ಟು ಇದೆ. ಇವು ಪ್ರತಿ ಉದ್ದ ಸಾಲಿನ ಒಳಗೆ ಅಡ್ಡ ಹಾಯುತ್ತವೆ. ಒಂದು ವರ್ಗದ ಒಂಬತ್ತು ಹುದ್ದೆಗಳಲ್ಲಿ ಮೂರು ಮಹಿಳೆಯರಿಗೆ ಎಂದಿದ್ದು, ಬರೀ ಅಂಕದ ಮೇಲೇ ಮೂವರು ಹೆಣ್ಣುಮಕ್ಕಳು ಬಂದಿದ್ದರೆ ಲೆಕ್ಕ ಅಲ್ಲಿಗೆ ಚುಕ್ತಾ. ಮತ್ತೆ ಮೂವರನ್ನು ಸೇರಿಸುವುದಿಲ್ಲ. ಉದ್ದ ಸಾಲಿನಲ್ಲಿ ಅಂಕದಿಂದ ಗೆದ್ದವರು ಕೋಟಾದ ಲೆಕ್ಕದಿಂದ ಹೊರಗುಳಿಯುತ್ತಾರೆ, ಅಡ್ಡ ಸಾಲಿನಲ್ಲಿ ಒಳಗೇ ಸೇರುತ್ತಾರೆ. ಸುಪ್ರೀಂ ಕೋರ್ಟಿನಲ್ಲಿ ಈ ವ್ಯತ್ಯಾಸದ ಮೇಲೆಯೇ ಎಷ್ಟೋ ಮೊಕದ್ದಮೆಗಳು ನಡೆದಿವೆ.

‘ಆರ್’ ಕಳೆದುಕೊಳ್ಳುವ ಬಸ್ಸು

ನಾನು ನೋಡಿದ ಮಟ್ಟಿಗೆ ನಮ್ಮ ಕಡೆಯ ಮಕ್ಕಳು ಜಾತಿ ಪ್ರಮಾಣಪತ್ರದಲ್ಲಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚನ್ನು ಶಾಲೆ ಇದ್ದ ಜಾಗದಿಂದ ಕಳೆದುಕೊಳ್ಳುತ್ತಾರೆ. ವೃತ್ತಿಪರ ಕೋರ್ಸುಗಳ ಸೀಟಿನಲ್ಲಿ ಪ್ರತಿ ವರ್ಗದೊಳಗೂ ಶೇ 15 ಗ್ರಾಮೀಣರಿಗೆ, ಶೇ 5 ಕನ್ನಡ ಮಾಧ್ಯಮದವರಿಗೆ. ಷರತ್ತು ಬಿಗಿಯಾಗಿದೆ. ಒಂದರಿಂದ ಹತ್ತು, ಪೂರ್ತಿ ಹತ್ತು ಶೈಕ್ಷಣಿಕ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಒಂಬತ್ತು ಸಾಲದು. ಮನೆ ಎಲ್ಲಿದೆ, ಪಡಿತರ ಚೀಟಿ ಎಲ್ಲಿಯದು, ಅಪ್ಪನಿಗೆ ಎಷ್ಟು ಎಕರೆ ಎಂಬುದನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಶಾಲೆ ಎಲ್ಲಿತ್ತು ಎಂಬುದೊಂದೇ ಪ್ರಶ್ನೆ.

ಗ್ರಾಮೀಣ ಎಂದರೆ ಯಾವುದು? ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆಗಳ ಎಲ್ಲೆಯ ಹೊರಗಿನದು. ತೋವಿನಕೆರೆ ಗ್ರಾಮ ಪಂಚಾಯಿತಿ, ಹಾಗಾಗಿ ಗ್ರಾಮೀಣ. ಕೊರಟಗೆರೆ ಪಟ್ಟಣ ಪಂಚಾಯಿತಿ, ಹಾಗಾಗಿ ಅಲ್ಲ. ಮಧುಗಿರಿ ಪುರಸಭೆ, ಸಿರಾ ನಗರಸಭೆ, ಇವೂ ಅಲ್ಲ. ‘ಕೊರಟಗೆರೆಯೂ ಒಂದು ಹಳ್ಳಿಯೇ ತಾನೆ’ ಎಂದು ನಾವು ನಗಾಡಬಹುದು, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ನಗುವುದಿಲ್ಲ. ಎಂಟನೇ ತರಗತಿಗೆ ಊರಿನ ಹೈಸ್ಕೂಲು ಬಿಟ್ಟು ಕೊರಟಗೆರೆಗೆ ಬಸ್ಸು ಹತ್ತಿದ ಹುಡುಗ ಏಳು ವರ್ಷದ ‘ಆರ್’ ಅನ್ನು ಆ ಬಸ್ಸಿನಲ್ಲೇ ಬಿಟ್ಟು ಇಳಿಯುತ್ತಾನೆ. ಒಂದನೇ ತರಗತಿಯಿಂದಲೇ ತುಮಕೂರಿನ ವ್ಯಾನು ಹತ್ತಿದವನಿಗೆ ಅದು ಇರಲೇ ಇಲ್ಲ. ಇತ್ತ ಬೆಂಗಳೂರಿನಲ್ಲಿ ಹುಟ್ಟಿ, ಅಜ್ಜಿ ಮನೆಯಲ್ಲಿದ್ದುಕೊಂಡು ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿದವನಿಗೆ ಪೂರ್ತಿ ಸಿಗುತ್ತದೆ. ಹಳ್ಳಿಯಲ್ಲಿರುವ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಓದಿದರೂ ‘ಆರ್’ ಗಟ್ಟಿ, ‘ಕೆ’ ಮಾತ್ರ ಇಲ್ಲ.

ಈ ‘ಕೆ’ಗೆ ಹೊಸದೊಂದು ತೊಡಕು ಸೇರಿಕೊಂಡಿದೆ. 2019ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದುಕೊಂಡವು, ಮೊದಲ ಸುತ್ತಿನಲ್ಲಿ ಸಾವಿರ ಶಾಲೆಗಳು. ತಂದೆತಾಯಂದಿರು ಖುಷಿಯಿಂದ ಸೇರಿಸಿದರು, ತಪ್ಪೇನಿಲ್ಲ. ಆದರೆ ಸೇರಿಸುವ ದಿನ ‘ಈ ಕೊಠಡಿಗೆ ಕಳಿಸಿದರೆ ಕನ್ನಡ ಮಾಧ್ಯಮದ ಶೇ 5 ಹೋಗುತ್ತದೆ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಂದೇ ಅಂಗಳ, ಒಂದೇ ಬಿಸಿಯೂಟ, ಗೋಡೆಯ ಆಚೆಗೊಂದು ಈಚೆಗೊಂದು ಲೆಕ್ಕ. ಪಾವಗಡದ ಕಡೆಯವರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ: ಮನೆಮಾತು ತೆಲುಗಾದರೂ ಅಡ್ಡಿಯಿಲ್ಲ, ಕಲಿತ ಮಾಧ್ಯಮ ಕನ್ನಡವಾಗಿದ್ದರೆ ‘ಕೆ’ ಸಿಗುತ್ತದೆ.

‘ಆರ್’, ‘ಕೆ’ ಎರಡಕ್ಕೂ ಶಾಲೆಯ ವ್ಯಾಸಂಗ ಪ್ರಮಾಣಪತ್ರವೇ ಸಾಕ್ಷಿ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೀಳಬೇಕು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾದರೂ ರುಜುವಿಗೆ ಹೋಗಬೇಕಾದದ್ದು ಓದಿದ ಶಾಲೆ ಇರುವ ತಾಲ್ಲೂಕಿನ ಬಿಇಒ ಕಚೇರಿಗೆ. ನಾಲ್ಕನೇ ತರಗತಿವರೆಗೆ ಅಜ್ಜಿ ಊರಲ್ಲಿ, ಆಮೇಲೆ ಇಲ್ಲಿ ಓದಿದ ಮಗುವಿಗೆ ಎರಡು ಶಾಲೆ, ಎರಡು ಪತ್ರ, ಕೆಲವೊಮ್ಮೆ ಎರಡು ತಾಲ್ಲೂಕು. ಈಗ ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆಯಲ್ಲಿ ಓದಿನ ಚರಿತ್ರೆ ಕಂಪ್ಯೂಟರಿನಲ್ಲೇ ಇರುತ್ತದೆ. ಅಲ್ಲಿ ಮಾಧ್ಯಮ ತಪ್ಪಾಗಿ ನಮೂದಾಗಿದ್ದರೆ ಅದನ್ನು ತಿದ್ದಿಸಬೇಕಾದದ್ದು ಶಾಲೆ ಬಿಡುವ ಮೊದಲು, ಸಿಇಟಿ ಹಿಂದಿನ ರಾತ್ರಿಯಲ್ಲ. ಇನ್ನು, ಜಿಎಂ ಅಭ್ಯರ್ಥಿ ‘ಆರ್’ ಕೇಳಬೇಕಾದರೆ ತಾನು ಕೆನೆಪದರಕ್ಕೆ, ಅಂದರೆ ಉಳ್ಳವರ ಸಾಲಿಗೆ, ಸೇರಿಲ್ಲ ಎಂಬ ಪತ್ರವೂ ಬೇಕು. ಮೇಲ್ಜಾತಿಯ ಬಡವರಿಗೆ ಏನೂ ಇಲ್ಲ ಎನ್ನುವವರು ಈ ಬಾಗಿಲನ್ನು ತಟ್ಟಿಯೂ ನೋಡಿರುವುದಿಲ್ಲ. ಹಾಗೆಯೇ ಎಂಜಿನಿಯರಿಂಗಿನಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಶೇ 5 ಸೀಟುಗಳಿವೆ. ಅಲ್ಲಿ ಜಾತಿಯ ಪ್ರಶ್ನೆಯಿಲ್ಲ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮಾಫಿ.

ನಾಡಕಚೇರಿಯ ಕಿಟಕಿ

ಜಾತಿಯ ಪತ್ರಗಳಲ್ಲಿ ಮೂರು ನಮೂನೆ. ಪರಿಶಿಷ್ಟ ಜಾತಿ, ಪಂಗಡಕ್ಕೆ ‘ಡಿ’. ಪ್ರವರ್ಗ 1ಕ್ಕೆ ‘ಇ’. 2ಎ, 2ಬಿ, 3ಎ, 3ಬಿಗಳಿಗೆ ‘ಎಫ್’. ಮೊದಲೆರಡಕ್ಕೆ ಆದಾಯದ ಮಿತಿಯಿಲ್ಲ, ಒಮ್ಮೆ ಪಡೆದರೆ ಜೀವನಪರ್ಯಂತ ನಡೆಯುತ್ತದೆ. ‘ಎಫ್’ನಲ್ಲಿ ಜಾತಿಯ ಜೊತೆ ಆದಾಯವೂ ಸೇರಿದೆ, 8 ಲಕ್ಷದ ಮಿತಿ ಇದೆ, ಐದು ವರ್ಷಕ್ಕೆ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ವರ್ಷ ಮಾಡಿಸಿದ ಪತ್ರ ಡಿಗ್ರಿ ಮುಗಿದು ಕೆಪಿಎಸ್‌ಸಿ ಅರ್ಜಿ ಹಾಕುವ ಹೊತ್ತಿಗೆ ಸತ್ತಿರುತ್ತದೆ, ಹುಡುಗನಿಗೆ ಅದು ತಿಳಿಯುವುದು ದಾಖಲೆ ಪರಿಶೀಲನೆಯ ದಿನ.

ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ. ಗ್ರಾಮ ಆಡಳಿತಾಧಿಕಾರಿಯ ವರದಿ, ರಾಜಸ್ವ ನಿರೀಕ್ಷಕರ ವರದಿ, ಆಮೇಲೆ ತಹಶೀಲ್ದಾರರ ಸಹಿ. ಆರ್‌ಡಿ ಎಂದು ಶುರುವಾಗುವ ಸಂಖ್ಯೆಯೇ ಪತ್ರದ ಜೀವ, ಸಿಇಟಿ ಅರ್ಜಿಯಲ್ಲಿ ಅದನ್ನು ಹಾಕಿದ ಕೂಡಲೇ ಕಂಪ್ಯೂಟರ್ ಕಂದಾಯ ಇಲಾಖೆಯ ದಾಖಲೆಯನ್ನು ತಾನೇ ಹುಡುಕುತ್ತದೆ. ಸಿಗದಿದ್ದರೆ ಕಾರಣ ಸಾಮಾನ್ಯವಾಗಿ ಸಣ್ಣದು: ಅವಧಿ ಮುಗಿದಿರುವುದು, ಸ್ಕಾಲರ್‌ಶಿಪ್ಪಿಗೆಂದು ಮಾಡಿಸಿದ ಬರೀ ಆದಾಯ ಪತ್ರದ ಸಂಖ್ಯೆ ಹಾಕಿರುವುದು, ಆಧಾರ್‌ನಲ್ಲಿ ಒಂದು ಹೆಸರು ಅಂಕಪಟ್ಟಿಯಲ್ಲಿ ಇನ್ನೊಂದು.

ಕೆಲಸದ ಅರ್ಜಿಗಳಲ್ಲಿ ಇನ್ನೊಂದು ಕುಣಿಕೆ ಇದೆ. ಮೀಸಲಾತಿಯ ಪತ್ರಗಳು ಅರ್ಜಿ ಹಾಕಲು ಕೊನೆಯ ದಿನಾಂಕದೊಳಗೆ ಕೈಯಲ್ಲಿರಬೇಕು. ‘ಆಯ್ಕೆಯಾದರೆ ಮಾಡಿಸಿದರಾಯಿತು’ ಎಂದು ಕೂತವರು ಅರ್ಹತೆ ಇದ್ದೂ ಜಿಎಂ ಲೆಕ್ಕಕ್ಕೆ ಬಿದ್ದಿದ್ದಾರೆ. ಆಯ್ಕೆಯಾದ ಮೇಲೆ ಸಿಂಧುತ್ವ ಪ್ರಮಾಣಪತ್ರದ ಸುತ್ತು ಬೇರೆ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಶಾಲಾ ದಾಖಲೆ, ವಂಶವೃಕ್ಷ ತರಿಸಿ ನೋಡುತ್ತದೆ. ಮದುವೆಯಾಗಿ ಬೇರೆ ಜಾತಿಯ ಮನೆ ಸೇರಿದ ಹೆಣ್ಣುಮಗಳು ಇಲ್ಲಿ ಗಂಡನ ಮನೆಯ ಪತ್ರ ಕೊಟ್ಟರೆ ನಡೆಯದು. ಜಾತಿ ಹುಟ್ಟಿನಿಂದ ಬಂದದ್ದು, ತಂದೆಯದು. ತಾಳಿ ಅದನ್ನು ಬದಲಿಸುವುದಿಲ್ಲ.

ರೈಲ್ವೆ, ಅಂಚೆ, ಬ್ಯಾಂಕು, ನೀಟ್‌ನ ಅಖಿಲ ಭಾರತ ಕೋಟಾ ಎಂದರೆ ಪಟ್ಟಿಯೇ ಬೇರೆ. ಅಲ್ಲಿ 1, 2ಎ, 3ಬಿ ಎಂಬುದೆಲ್ಲ ಇಲ್ಲ. ಒಬಿಸಿಗೆ ಒಟ್ಟಾಗಿ ಶೇ 27, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 7.5, ಆರ್ಥಿಕವಾಗಿ ದುರ್ಬಲರಿಗೆ 10. ಇಲ್ಲಿ ಕೆನೆಪದರದ ಚಿಂತೆಯೇ ಇಲ್ಲದ ಪ್ರವರ್ಗ 1ರ ಗೊಲ್ಲರ ಹುಡುಗ ಅಲ್ಲಿ ಒಬಿಸಿಯಾಗಿ ನಿಲ್ಲಬೇಕು, ಕೆನೆಪದರದ ಪರೀಕ್ಷೆಗೂ ಒಳಗಾಗಬೇಕು. ಕೇಂದ್ರದ ಲೆಕ್ಕದಲ್ಲಿ ತಂದೆತಾಯಿಯ ಸಂಬಳವನ್ನೂ ಬೇಸಾಯದ ಆದಾಯವನ್ನೂ 8 ಲಕ್ಷಕ್ಕೆ ಕೂಡಿಸುವುದಿಲ್ಲ ಎಂಬುದು ರೈತರ ಮಕ್ಕಳು ತಿಳಿದಿರಬೇಕಾದ ಸಂಗತಿ. ‘ಎಫ್’ ನಮೂನೆ ಹಿಡಿದು ರೈಲ್ವೆಗೆ ಹೋದರೆ ವಾಪಸ್ಸು ಕಳಿಸುತ್ತಾರೆ, ಕೇಂದ್ರದ ಒಬಿಸಿ ಪತ್ರವನ್ನು ನಾಡಕಚೇರಿಯಲ್ಲೇ ಬೇರೆಯಾಗಿ ಕೇಳಿ ಪಡೆಯಬೇಕು.

ಈ ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡವರು ನಮ್ಮ ಕಡೆಯ ಕುಂಚಿಟಿಗರು. ರಾಜ್ಯದ ಪಟ್ಟಿಯಲ್ಲಿ 3ಎ ಉಂಟು, ಕೇಂದ್ರದ ಪಟ್ಟಿಗೆ ಸೇರಿಸಿ ಎಂಬ ಬೇಡಿಕೆ ಸಿರಾ, ಮಧುಗಿರಿ, ಕೊರಟಗೆರೆಯ ವೇದಿಕೆಗಳಲ್ಲಿ ವರ್ಷಗಳಿಂದ ಕೇಳುತ್ತಲೇ ಇದೆ. ಶಾಲೆಯ ದಾಖಲೆಯಲ್ಲಿ ಎಷ್ಟೋ ಮಂದಿ ‘ಒಕ್ಕಲಿಗ’ ಎಂದೇ ಬರೆಸಿರುವುದು ಅವರಿಗೆ ಈಗ ತೊಡಕು. ಕಾಡುಗೊಲ್ಲರದೂ ಇದೇ ಬಗೆಯ ಪಾಡು. ಹಟ್ಟಿಯ ಬದುಕು, ಆಚಾರ, ಬಡತನ ಎಲ್ಲವೂ ಬೇರೆಯಿದ್ದರೂ ಶಾಲೆಯ ರಿಜಿಸ್ಟರಿನಲ್ಲಿ ಬರೀ ‘ಗೊಲ್ಲ’. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಅವರ ಬೇಡಿಕೆಗೆ ರಾಜ್ಯ ಶಿಫಾರಸು ಮಾಡಿದೆ, ಆದರೆ ಆ ಪಟ್ಟಿಗೆ ಒಂದು ಹೆಸರು ಸೇರಬೇಕಾದರೆ ಸಂಸತ್ತಿನಲ್ಲೇ ಕಾಯ್ದೆ ಆಗಬೇಕು. 2020ರ ಸಿರಾ ಉಪಚುನಾವಣೆಯ ಹೊತ್ತಿಗೆ ಕಾಡುಗೊಲ್ಲರ ಅಭಿವೃದ್ಧಿ ನಿಗಮದ ಘೋಷಣೆ ಬಂತು. ಉಪಚುನಾವಣೆ ಇಲ್ಲದಿದ್ದರೆ ಬರುತ್ತಿತ್ತೇ ಎಂದು ಕೇಳಬೇಡಿ.

ಬೆಂಚಿನ ಕಡೆಗೆ

ಈಗ ವಾದಕ್ಕೆ ಬರೋಣ. ‘ಅಂಬೇಡ್ಕರ್ ಹತ್ತು ವರ್ಷ ಸಾಕು ಎಂದಿದ್ದರು’ ಎಂಬ ಮಾತು ಈ ಬೆಂಚಿನ ಮೇಲೆ ವಾರಕ್ಕೊಮ್ಮೆಯಾದರೂ ಬೀಳುತ್ತದೆ. ಸಂವಿಧಾನದಲ್ಲಿ ಹತ್ತು ವರ್ಷದ ಗಡುವು ಇದ್ದದ್ದು 334ನೇ ವಿಧಿಯಲ್ಲಿ, ಲೋಕಸಭೆ ಮತ್ತು ವಿಧಾನಸಭೆಯ ಮೀಸಲು ಕ್ಷೇತ್ರಗಳಿಗೆ. ನಮ್ಮ ಕೊರಟಗೆರೆ, ಆಚೆಯ ಪಾವಗಡ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳಲ್ಲವೇ, ಅಂಥವಕ್ಕೆ. ಆ ಗಡುವನ್ನು ಹತ್ತು ಹತ್ತು ವರ್ಷ ಮುಂದೂಡುತ್ತಾ ಈಗ 2030ಕ್ಕೆ ತಂದಿದ್ದಾರೆ. ಓದು ಮತ್ತು ಕೆಲಸದ ಮೀಸಲಾತಿ 15 ಮತ್ತು 16ನೇ ವಿಧಿಯದು, ಅಲ್ಲಿ ಗಡುವೇ ಇಲ್ಲ.

ಮೀಸಲಾತಿ ದೆಹಲಿಯಿಂದ, ಮಂಡಲ್ ವರದಿಯಿಂದ ಬಂತು ಎನ್ನುವುದೂ ನಮ್ಮ ಮಟ್ಟಿಗೆ ಸರಿಯಲ್ಲ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳು ಒಂದೇ ಸಣ್ಣ ಸಮುದಾಯದ ಕೈಯಲ್ಲಿವೆ ಎಂದು 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ, ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ದಕ್ಷತೆ ಕುಸಿಯುತ್ತದೆ ಎಂಬ ಅಂದಿನ ಆತಂಕ, ಅವಕಾಶವೇ ಇಲ್ಲದವನಿಗೆ ದಕ್ಷತೆ ಎಲ್ಲಿಂದ ಬರಬೇಕು ಎಂಬ ಅಂದಿನ ಉತ್ತರ, ಎರಡನ್ನೂ ಇಂದಿನ ಟೀ ಅಂಗಡಿಯಲ್ಲಿ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಕೇಳಬಹುದು. 1921ರಲ್ಲಿ ಆದೇಶ ಹೊರಬಿತ್ತು. ಆಗ ಹಿಂದುಳಿದವರೆಂದರೆ ಬ್ರಾಹ್ಮಣರಲ್ಲದ ಬಹುತೇಕ ಎಲ್ಲರೂ. ಆ ದೊಡ್ಡ ಛತ್ರಿಯ ಕೆಳಗೆ ಯಾರು ನೆನೆಯುತ್ತಿದ್ದಾರೆ, ಯಾರು ನಡುವೆ ಬೆಚ್ಚಗಿದ್ದಾರೆ ಎಂಬುದೇ ಮುಂದಿನ ನೂರು ವರ್ಷದ ಜಗಳ.

ದೇಶವೆಲ್ಲ ಉಚ್ಚರಿಸುವ ಶೇ 50ರ ಗೆರೆಯೂ ಮೈಸೂರಿನ ಆದೇಶವೊಂದರ ಮೇಲೇ ಬಿದ್ದದ್ದು. 1962ರ ಜುಲೈನಲ್ಲಿ ರಾಜ್ಯ ಸರ್ಕಾರ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು ಶೇ 68 ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಅರ್ಧದೊಳಗಿರಬೇಕು ಎಂದಿತು. 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನು ಗಟ್ಟಿ ಮಾಡಿತು. 2022ರಲ್ಲಿ ಆರ್ಥಿಕ ದುರ್ಬಲರ ಶೇ 10ನ್ನು ಎತ್ತಿಹಿಡಿದ ತೀರ್ಪು ಅದೇ ಗೆರೆಯನ್ನು ಸ್ವಲ್ಪ ಮಸುಕು ಮಾಡಿತು. ಶೇ 50 ಸಂವಿಧಾನದಲ್ಲಿ ಬರೆದ ಅಂಕಿಯಲ್ಲ ಎಂಬುದನ್ನು ಎರಡೂ ಕಡೆಯವರು ನೆನಪಿಡಬೇಕು.

ದೇವರಾಜ ಅರಸು ಕಾಲದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಲಿಂಗಾಯತರನ್ನು ಪಟ್ಟಿಯ ಹೊರಗಿಟ್ಟದ್ದಕ್ಕೆ ಕೋಲಾಹಲವಾಯಿತು. ವೆಂಕಟಸ್ವಾಮಿ ಆಯೋಗದ 1986ರ ವರದಿಯನ್ನು ಸರ್ಕಾರವೇ ತಳ್ಳಿಹಾಕಿತು. ಮೀಸಲಾತಿ ಕುರಿತ 1985ರ ವಸಂತಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೀಠದಲ್ಲಿದ್ದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರೇ ಆಮೇಲೆ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟರು. ಇಂದಿನ 1, 2ಎ, 2ಬಿ, 3ಎ, 3ಬಿ ವಿಂಗಡಣೆ ಗಟ್ಟಿಯಾದದ್ದು 1990ರ ದಶಕದ ನಡುವೆ. 2023ರ ಮಾರ್ಚ್‌ನಲ್ಲಿ 2ಬಿಯ ಶೇ 4ನ್ನು ತೆಗೆದು ಒಕ್ಕಲಿಗ, ಲಿಂಗಾಯತರಿಗೆ ಹಂಚುವ ಆದೇಶ ಹೊರಟಿತಾದರೂ ಸುಪ್ರೀಂ ಕೋರ್ಟಿನ ಮುಂದೆ ನಿಂತುಹೋಯಿತು. ಚುನಾವಣೆಯ ಮುಂಚಿನ ತಿಂಗಳುಗಳಲ್ಲಿ ಹೊರಡುವ ಆದೇಶಗಳನ್ನು ನಂಬಿ ಪತ್ರ ಮಾಡಿಸಲು ಓಡಬೇಡಿ ಎಂದಷ್ಟೇ ಇಲ್ಲಿ ಹೇಳಬಲ್ಲೆ.

ಈ ಎಲ್ಲ ವಾದಗಳಲ್ಲಿ ನನಗೆ ತೂಕದ್ದೆನಿಸುವುದು ಒಂದೇ, ಒಳಗಿನವರು ಒಳಗಿನವರಿಗೆ ಕೇಳುವ ಪ್ರಶ್ನೆ: ನಮ್ಮ ಹೆಸರಿನಲ್ಲಿ ಬಂದದ್ದನ್ನು ಉಂಡವರು ಯಾರು? ಮೀಸಲಾತಿ ಬೇಡವೆನ್ನುವವರ ಪ್ರಶ್ನೆಗಿಂತ ಇದಕ್ಕೆ ಉತ್ತರ ಹೇಳುವುದು ಕಷ್ಟ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ 101 ಜಾತಿಗಳಿವೆ. ಅದನ್ನು ಒಳಗೇ ಹಂಚಬೇಕೆಂಬ ಮಾದಿಗರ ಹೋರಾಟ ದಶಕಗಳದ್ದು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟರೂ ಅದು ಕಪಾಟು ಸೇರಿತ್ತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣ ಮಾಡಬಹುದು ಎಂದ ಮೇಲೆ ಮತ್ತೆ ನಾಗಮೋಹನ ದಾಸ್ ಆಯೋಗ, ಮನೆಮನೆ ಸಮೀಕ್ಷೆ. ನಮ್ಮ ಕಡೆ ಸಮೀಕ್ಷೆಗೆ ಬಂದವರಿಗೆ ಎದುರಾದ ದೊಡ್ಡ ತೊಡಕು ‘ಎ.ಕೆ., ಎ.ಡಿ.’ ಎಂಬ ಅಕ್ಷರಗಳು. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬುವು ಜಾತಿಗಳಲ್ಲ, ಮೈಸೂರು ಸಂಸ್ಥಾನದ ಕಾಲದ ಗುಂಪು ಹೆಸರುಗಳು. ಒಂದು ಸೀಮೆಯಲ್ಲಿ ಎ.ಕೆ. ಎಂದರೆ ಹೊಲೆಯರು, ಇನ್ನೊಂದು ಸೀಮೆಯಲ್ಲಿ ಮಾದಿಗರು. ಪತ್ರದಲ್ಲಿ ಅದೊಂದೇ ಇದ್ದರೆ ಯಾವ ಗುಂಪಿಗೆ ಸೇರಿಸುವುದು? 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಪರಿಶಿಷ್ಟ ಜಾತಿಯ ಶೇ 17ನ್ನು ಎಡಗೈಗೆ (ಮಾದಿಗ ಬಣ) 6, ಬಲಗೈಗೆ (ಹೊಲೆಯ ಬಣ) 6, ಭೋವಿ, ಲಂಬಾಣಿ, ಕೊರಮ, ಕೊರಚ ಮತ್ತು ಅಲೆಮಾರಿಗಳಿಗೆ 5 ಎಂದು ಹಂಚಿತು. ಆಯೋಗ ಅಲೆಮಾರಿಗಳಿಗೆ ಬೇರೆಯೇ ಶೇ 1 ಎಂದಿತ್ತು. ಅದು ಸಿಗದ 59 ಸಣ್ಣ ಸಮುದಾಯಗಳು ಬೀದಿಗಿಳಿದವು. ಹಂದಿಜೋಗಿಯ ಮಗು ಲಂಬಾಣಿ ತಾಂಡಾದ ಪದವೀಧರನ ಜೊತೆ ಒಂದೇ ಸಾಲಿನಲ್ಲಿ ನಿಂತರೆ ಫಲಿತಾಂಶ ಏನಾಗುತ್ತದೆಂದು ಊಹಿಸುವುದಕ್ಕೆ ಆಯೋಗ ಬೇಕಿಲ್ಲ. ಅವರಿಗೆ ಆ ಒಂದನ್ನು ಕೊಡಬೇಕಿತ್ತು ಎಂದೇ ನನ್ನ ಅಭಿಪ್ರಾಯ.

‘ಮೀಸಲಾತಿಯಿಂದ ಎಲ್ಲ ಕೆಲಸ ಅವರ ಪಾಲಾಯಿತು’ ಎನ್ನುವವರು ಅದು ಎಲ್ಲೆಲ್ಲಿ ಇಲ್ಲ ಎಂದೂ ಎಣಿಸಬೇಕು. ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗಷ್ಟೇ ಇದು ತಾಗುತ್ತದೆ, ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆಯ ಸೀಟಿಗಾಗಲಿ ಮ್ಯಾನೇಜ್‌ಮೆಂಟ್ ಸೀಟಿಗಾಗಲಿ ಅಲ್ಲ. ತುಮಕೂರು ಹೆದ್ದಾರಿಯ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಜಾತಿ ಮೀಸಲಾತಿ ಇಲ್ಲ. 2024ರ ಜುಲೈನಲ್ಲಿ ಬಂದು ಎರಡೇ ದಿನಕ್ಕೆ ತಣ್ಣಗಾದ ಖಾಸಗಿ ಉದ್ಯೋಗ ಮೀಸಲಾತಿ ಮಸೂದೆ ಸ್ಥಳೀಯರಿಗೆ ಸಂಬಂಧಿಸಿದ್ದು, ಜಾತಿಗಲ್ಲ. ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ ನಾಲ್ಕೂ ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ವರದಿಯ ಹಿಂದುಳಿದ ತಾಲ್ಲೂಕುಗಳಾದರೂ, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಟ್ಟಂಥ ಪ್ರಾದೇಶಿಕ ಪಾಲು ನಮಗಿಲ್ಲ. ಮೂರು ಕಡೆ ಆಂಧ್ರ ಸುತ್ತಿರುವ ಪಾವಗಡದ ಹುಡುಗನಿಗೆ ಅಡ್ಡ ಸಾಲಿನ ‘ಆರ್’ ಬಿಟ್ಟರೆ ಸೀಮೆಯ ಲೆಕ್ಕದಲ್ಲಿ ಸಿಗುವುದು ಏನೂ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಹೊಸ ಸಮೀಕ್ಷೆ ನಡೆಯಿತಲ್ಲ, ಕರೆಂಟು ಮೀಟರಿನ ಲೆಕ್ಕದಲ್ಲಿ ಮನೆಬಾಗಿಲಿಗೆ ಚೀಟಿ ಅಂಟಿಸಿ, ಮೇಷ್ಟ್ರುಗಳನ್ನು ಮನೆಮನೆಗೆ ಕಳಿಸಿ, ಅದಕ್ಕಾಗಿ ದಸರಾ ರಜೆಯನ್ನೂ ಅಕ್ಟೋಬರ್ 18ರವರೆಗೆ ಎಳೆದು. ಆಗ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ‘ನಮ್ಮ ಉಪಜಾತಿ ಯಾವುದು’ ಎಂಬ ಚರ್ಚೆ ನಡೆಯಿತು. ಸಮೀಕ್ಷೆಯಲ್ಲಿ ಏನು ಬರೆಸಿದಿರೋ ಅದು ನಿಮ್ಮ ಪ್ರಮಾಣಪತ್ರವಲ್ಲ, ಗೊಂದಲ ಬೇಡ. ಪತ್ರಕ್ಕೆ ಈಗಲೂ ಮೊದಲ ಆಧಾರ ಶಾಲೆಯ ದಾಖಲಾತಿ ಪುಸ್ತಕವೇ. ಮುಂದಿನ ಜೂನ್‌ನಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸುವವರು ಮುಖ್ಯ ಶಿಕ್ಷಕರು ಆ ಕಲಂ ತುಂಬುವಾಗ ಪಕ್ಕದಲ್ಲೇ ನಿಂತು, ಅಪ್ಪನ ಟಿಸಿ ಎದುರಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಲಿ. ಈಗಾಗಲೇ ಒಂಬತ್ತನೇ ತರಗತಿಯಲ್ಲಿ ಮಕ್ಕಳಿರುವವರು ಈ ವಾರವೇ ಶಾಲೆಗೆ ಹೋಗಿ ಅದೇ ಕಲಂ ಕೇಳಿ ನೋಡಬಹುದು. ಹತ್ತನೇ ತರಗತಿ ದಾಟಿ ಟಿಸಿ ಕೈಗೆ ಬಂದ ಮೇಲೆ ತಿದ್ದಿಸಲು ಹೊರಟರೆ ಕೊರಟಗೆರೆ, ಮಧುಗಿರಿ ಎಂದು ಎಷ್ಟು ಬಸ್ಸು ಹತ್ತಬೇಕಾಗುತ್ತದೋ ಲೆಕ್ಕವಿಲ್ಲ.